ಅಂಡರ್‌ಪಾಸು ಎಲ್ಲಿ ಬೇಕು ಅಂತ ಕೇಳಿದ್ದರು

ನಮ್ಮೂರಿಗೆ ಅನ್ಯಾಯವಾಯಿತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಅನ್ಯಾಯ ಮಾಡುವ ಕಷ್ಟವನ್ನು ಹೊರಗಿನವರು ಯಾರೂ ತೆಗೆದುಕೊಳ್ಳಲೇ ಇಲ್ಲ. ರಸ್ತೆ ಮಾಡುವವರು ಬಂದು, ಅರಳಿಕಟ್ಟೆಯ ಮೇಲೆ ನಕ್ಷೆ ಬಿಡಿಸಿ, ಗಾಳಿಗೆ ಹಾರದ ಹಾಗೆ ಮೂಲೆಮೂಲೆಗೂ ಕಲ್ಲು ಇಟ್ಟು, ಅಂಡರ್‌ಪಾಸು ಎಲ್ಲಿ ಬೇಕು ಅಂತ ಕೇಳಿದ್ದರು. ಹೇಳಿದ ಕಡೆಯೇ ಕಟ್ಟಿಕೊಟ್ಟರು. ಹೇಳಿದವರು ನಮ್ಮವರೇ. ಅದರಲ್ಲೂ ನನ್ನ ಒಡಹುಟ್ಟಿದ ಅಣ್ಣ.

ನನ್ನ ತವರು ಮಂಚೇನಹಳ್ಳಿ ಕಡೆಯ ಒಂದು ಹಳ್ಳಿ. ಮದುವೆಯಾಗಿ ಚಿಕ್ಕಬಳ್ಳಾಪುರ ಸೇರಿದ ಮೇಲೂ ನಾನು ಆ ಊರನ್ನು ಬಿಟ್ಟವಳಲ್ಲ. ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲೇ ಲೆಕ್ಕದ ಮೇಡಂ ಆಗಿ ಬಹಳ ವರ್ಷ ಕೆಲಸ ಮಾಡಿದೆ. ಊರು ಹಳೇ ರಸ್ತೆಯ ಈಚೆ, ಸ್ಕೂಲು ಆಚೆ. ಮಕ್ಕಳು ಕೆರೆಕೋಡಿಯ ಪಕ್ಕದ ಕಾಲುದಾರಿಯಲ್ಲಿ ಬಂದು, ರಸ್ತೆಯನ್ನು ಒಂದೇ ಓಟಕ್ಕೆ ದಾಟಿ, ಬೆಲ್ಲು ಹೊಡೆಯುವ ಹೊತ್ತಿಗೆ ಸಾಲಿನಲ್ಲಿ ನಿಂತಿರುತ್ತಿದ್ದವು. ಊರಿನ ಇನ್ನೊಂದು ತುದಿಯಿಂದ ಇನ್ನೊಂದು ದಾರಿ ರಸ್ತೆಯ ಆಚೆಗೆ ಹೋಗುತ್ತಿತ್ತು. ಅದು ಸುಡುಗಾಡಿನ ದಾರಿ. ಹೆಣದ ಹಿಂದೆ ಹೋಗುವ ಗಂಡಸರನ್ನು ಬಿಟ್ಟರೆ ಬದುಕಿದ್ದವರಿಗೆ ಅಲ್ಲಿ ಕೆಲಸವಿರಲಿಲ್ಲ.

ಹಳೇ ರಸ್ತೆಯನ್ನು ಅಗಲ ಮಾಡಿ, ಎತ್ತರಿಸಿ, ಎರಡೂ ಬದಿಗೆ ಕಬ್ಬಿಣದ ಬೇಲಿ ಹಾಕುತ್ತಾರೆ ಎಂದು ಗೊತ್ತಾದಾಗ ಊರಿನಲ್ಲಿ ಯಾರಿಗೂ ಬೇಜಾರಾಗಲಿಲ್ಲ. ನನಗೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಟೊಮೆಟೊ ಬೇಗ ಚಿಂತಾಮಣಿ ಮಂಡಿ ಸೇರುತ್ತದೆ, ರೇಷ್ಮೆಗೂಡು ಹರಾಜಿನ ಹೊತ್ತಿಗೆ ಶಿಡ್ಲಘಟ್ಟ ಮುಟ್ಟುತ್ತದೆ, ಬಸುರಿಯರು ಗಾಡಿಯಲ್ಲೇ ಹೆರುವುದು ತಪ್ಪುತ್ತದೆ ಎಂದುಕೊಂಡೆವು. ಆ ವರ್ಷ ಪಾಠ ಹೇಳುವ ನಮ್ಮನ್ನೆಲ್ಲ ಒಂದು ತರಬೇತಿಗೆ ಕರೆದಿದ್ದರು. ಅಲ್ಲಿ ಇಸ್ತ್ರಿ ಮಾಡಿದ ಅಂಗಿಯವರೊಬ್ಬರು ಪರದೆಯ ಮೇಲೆ ಚಿತ್ರ ಬಿಟ್ಟು, ದೊಡ್ಡ ರಸ್ತೆ ಬಂದ ಕಡೆ ಮಾನವ ಸಂಪನ್ಮೂಲ ತಾನಾಗಿ ಬೆಳೆಯುತ್ತದೆ ಎಂದು ವಿವರಿಸಿದರು. ನಾವೆಲ್ಲ ತಲೆಯಾಡಿಸಿ, ಕೊಟ್ಟ ಬೋಂಡ ತಿಂದು ಬಂದೆವು.

ಮಾನವ ಸಂಪನ್ಮೂಲ ಅಂದರೆ ನನಗೆ ಕಣ್ಣ ಮುಂದೆ ಬರುತ್ತಿದ್ದುದು ಒಂದೇ ಮುಖ. ಎಂಟನೇ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ನಮ್ಮಣ್ಣನ ಮಗಳು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಅವಳಿಗೆ ಉತ್ತರ ಹೊಳೆದುಬಿಡುತ್ತಿತ್ತು. ಹೇಳಿದರೆ ಮಿಕ್ಕವರು ಬೈದುಕೊಳ್ಳುತ್ತಾರೆ ಎಂದು ಜಡೆಯ ತುದಿ ಕಚ್ಚಿಕೊಂಡು ಕಾಯುತ್ತಿದ್ದಳು. ನಾನೇ ತಪ್ಪು ಮಾಡಿದರೆ ಮಾತ್ರ ಬಿಡುತ್ತಿರಲಿಲ್ಲ. "ಮೇಡಂ, ಮೈನಸ್ ನುಂಗ್ಬಿಟ್ರಿ" ಅನ್ನುವಳು. ಸ್ಕೂಲಿನಲ್ಲಿ ಮೇಡಂ, ಗೇಟು ದಾಟಿದರೆ ಅತ್ತೆ. "ನೀವು ರಿಟೈರ್ ಆದ್ಮೇಲೆ ಆ ಕುರ್ಚಿ ನಂದೇ ಕಣತ್ತೆ, ಯಾರಿಗೂ ಕೊಡ್ಬೇಡಿ" ಎಂದು ಒಂದು ಸಂಜೆ ಬಸ್ ಸ್ಟಾಪಿನವರೆಗೂ ಹೇಳಿಕೊಂಡು ಬಂದಿದ್ದಳು. ನಾನು ತಮಾಷೆಗೆ, "ಮೊದ್ಲು ಎಸ್ಸೆಸ್ಸೆಲ್ಸಿ ಮುಗ್ಸೇ, ಆಮೇಲೆ ಕುರ್ಚಿ" ಅಂದಿದ್ದೆ. ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ಕಾಲೋನಿಯ ಹುಡುಗಿ. ಇಬ್ಬರಿಗೂ ಸೇರಿ ಒಂದೇ ಕಂಪಾಸ್ ಬಾಕ್ಸು.

ನಕ್ಷೆ ತಂದ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನೂ ಕಟ್ಟೆಯ ಹತ್ತಿರ ಹೋದೆ. ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಎಂಜಿನಿಯರು ಇನ್ನೂ ಮೀಸೆ ಚಿಗುರಿದ ಹುಡುಗ, ಪಾಪ, ವಿನಯವಾಗಿಯೇ ಮಾತಾಡಿದ. ಈ ಊರಿಗೆ ಒಂದೇ ಅಂಡರ್‌ಪಾಸು, ಕೆರೆಕೋಡಿ ಹತ್ತಿರ ಬೇಕೋ ಆ ತುದಿಯಲ್ಲಿ ಬೇಕೋ ಒಮ್ಮತಕ್ಕೆ ಬನ್ನಿ ಎಂದ. ಅದು ಬಿಟ್ಟರೆ ಗಾಡಿ ತಿರುಗಿಸುವ ಜಾಗ ಇರುವುದು ಮಂಚೇನಹಳ್ಳಿ ಕಡೆ ಮೈಲಿಗಟ್ಟಲೆ ಆಚೆಗೆ ಎಂದೂ ಹೇಳಿದ. ನಾನು ಎರಡನೇ ಮಾತಿಲ್ಲದೆ, "ಕೆರೆಕೋಡಿ ಹತ್ರ ಮಾಡಿ, ಮಕ್ಕಳು ಸ್ಕೂಲಿಗೆ ಬರೋ ದಾರಿ ಅದು" ಅಂದೆ. ಹಿಂದೆ ನಿಂತಿದ್ದ ಕಾಲೋನಿಯ ಗಾರೆ ಕೆಲಸದವನೊಬ್ಬ, ಆ ಕಂಪಾಸ್ ಬಾಕ್ಸಿನ ಪಾಲುದಾರಳ ಅಪ್ಪ, "ಮೇಡಂ ಹೇಳೋದು ಸರಿ ಸಾರ್" ಅಂದ. ಅವನ ಕಡೆ ಒಂದು ತಲೆಯೂ ತಿರುಗಲಿಲ್ಲ.

ನಮ್ಮಣ್ಣ ಟವಲ್ಲು ಕೊಡವಿ ಎದ್ದು ನಿಂತ. "ಮಕ್ಕಳು ಹೆಂಗೋ ಹಾರ್ಕೊಂಡು ಹೋಗ್ತವೆ. ಹೆಣ ಹಾರ್ಕೊಂಡು ಹೋಗ್ತದಾ?" ಅಂದ.

ಇಡೀ ಕಟ್ಟೆ ನಕ್ಕಿತು. ಎಂಜಿನಿಯರೂ ನಕ್ಕ. ನಗು ಹುಟ್ಟಿಸಿದವನ ಕಡೆಗೇ ತೀರ್ಮಾನವೂ ಹೋಯಿತು.

ಅಣ್ಣ ದುಷ್ಟ ಅಲ್ಲ. ದುಷ್ಟನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಆ ಮಾತಿನ ಹಿಂದೆ ನಮ್ಮಮ್ಮ ಇದ್ದಳು. ಅಪ್ಪ ಹೋದಾಗಿನಿಂದ ಅವಳದು ಒಂದೇ ವರಾತ. "ನಿಮ್ಮಪ್ಪ ಹೋದ ದಾರೀಲೇ ನನ್ನೂ ಕಳಿಸ್ರಪ್ಪಾ. ಸುತ್ತಾಡಿಸ್ಬೇಡ್ರಿ." ನಮ್ಮಲ್ಲಿ ಹೆಣವನ್ನು ಸುತ್ತು ಹಾಕಿಸಬಾರದು, ನೇರ ಒಯ್ಯಬೇಕು. ಅರ್ಧ ದಾರಿಯಲ್ಲಿ ಮಾತ್ರ ಚಟ್ಟ ಇಳಿಸುತ್ತಾರೆ. ಒಂದು ವೇಳೆ ಜೀವ ಉಳಿದಿದ್ದರೆ ಓಗೊಡಲಿ ಎಂದು ಮಗ ಬಗ್ಗಿ ಕಿವಿಯಲ್ಲಿ ಕರೆಯುತ್ತಾನೆ. ಅಲ್ಲಿಗೆ ಒಂದಷ್ಟು ಮಂಡಕ್ಕಿ ಪುರಿ, ಹೂವು ಚೆಲ್ಲಿ, ಹೆಗಲು ಬದಲಿಸಿ ಮುಂದೆ ಹೋಗುತ್ತಾರೆ. ಅಪ್ಪನ ಕಿವಿಯಲ್ಲಿ ಕರೆದು ಕರೆದು ಅಣ್ಣನ ಗಂಟಲು ಬಿದ್ದುಹೋಗಿತ್ತು. ಅಮ್ಮನನ್ನೂ ಹಾಗೇ ಕಳಿಸಬೇಕು ಎಂಬುದು ಅವನ ಆಸೆ. ತಾಯಿಯ ಮೇಲಿನ ಪ್ರೀತಿಗೇ ಅವನು ಮಗಳ ದಾರಿ ಮುಚ್ಚಿದ. ಆದರೆ ಆವತ್ತು ಅವನಿಗೆ ಅದು ಹೊಳೆಯಲಿಲ್ಲ, ಸುಡುಗಾಡಿನ ದಾರಿಯಾದರೇನು, ಅಂಡರ್‌ಪಾಸು ಅಂಡರ್‌ಪಾಸೇ, ಮಕ್ಕಳೂ ಅದರಲ್ಲೇ ಬರಲಿ ಬಿಡು ಅಂದುಕೊಂಡಿದ್ದ. ಒಂದಿಷ್ಟು ಹೆಚ್ಚಿಗೆ ನಡೆಯಬೇಕು, ಅಷ್ಟೇ ತಾನೆ.

ರಸ್ತೆಯಾಯಿತು. ಚೆನ್ನಾಗಿಯೇ ಆಯಿತು, ನೀರು ಕುಡಿದಷ್ಟು ಸಲೀಸಾಗಿ ಕಾರುಗಳು ಹೋಗುತ್ತಿದ್ದವು. ಮೊದಮೊದಲು ಮಕ್ಕಳು ಬೇಲಿ ಹಾರಿಯೇ ಸ್ಕೂಲಿಗೆ ಬಂದವು, ಅಣ್ಣ ಹೇಳಿದ ಹಾಗೆ. ಒಂದು ದಿನ ಬೇಲಿಯ ಸಂದಿಯಲ್ಲಿ ನುಗ್ಗಿದ ಎಮ್ಮೆಯೊಂದು ಲಾರಿಗೆ ಸಿಕ್ಕಿ ಸತ್ತಿತು. ಲಾರಿಯ ಗಾಜು ಒಡೆದಿತ್ತು. ಸಂದಿಗಳನ್ನೆಲ್ಲ ಮುಚ್ಚಿ, ಬೇಲಿಯನ್ನು ಆಳೆತ್ತರ ಮಾಡಿದರು. ಊರಿನವರೂ ಮಕ್ಕಳಿಗೆ ಹೊಡೆದು ಬಡಿದು ರಸ್ತೆಯ ಕಡೆ ತಲೆ ಹಾಕದ ಹಾಗೆ ಮಾಡಿದರು. ಅದು ತಪ್ಪಲ್ಲ. ಉಳಿದದ್ದು ಒಂದೇ ದಾರಿ.

ಇಲ್ಲಿ ಇನ್ನೊಂದು ವಿಷಯ ಯಾರ ತಲೆಗೂ ಬಂದಿರಲಿಲ್ಲ. ಊರಿಗೂ ಸುಡುಗಾಡಿಗೂ ಸರಿಯಾಗಿ ನಡುವೆ ಬಂದದ್ದು ಆ ಅಂಡರ್‌ಪಾಸೇ. ಚಟ್ಟ ಇಳಿಸುವುದಕ್ಕೆ ಮೇಲೆ ನೆರಳು, ಕೆಳಗೆ ಸಿಮೆಂಟು, ಇನ್ನೇನು ಬೇಕು. ಎಲ್ಲರೂ ಅಲ್ಲೇ ಇಳಿಸತೊಡಗಿದರು. ಸಾವಾದ ಮಾರನೆಯ ದಿನ ನೋಡಿದರೆ ಪುರಿ, ಚೆಂಡುಹೂವು, ಒಂದೆರಡು ಚಿಲ್ಲರೆ ನಾಣ್ಯ, ಬಿದಿರಿನ ಸಿಬಿರು ಬಿದ್ದಿರುತ್ತಿದ್ದವು. ಗಾಳಿ ಬೀಸಿದರೆ ಪುರಿ ಗೋಡೆಯಿಂದ ಗೋಡೆಗೆ ಓಡಾಡುತ್ತಿತ್ತು. ಅದನ್ನು ತುಳಿಯಬಾರದು, ದಾಟಬಾರದು. ಚಿಕ್ಕ ಮಕ್ಕಳಿಗೆ ಪರವಾಗಿಲ್ಲ, ಗಂಡಸರಿಗೆ ಪರವಾಗಿಲ್ಲ. ದೊಡ್ಡವಳಾದ ಹುಡುಗಿ ದಾಟಿದರೆ ಗಾಳಿ ಸೋಕುತ್ತದೆ. ಹುಡುಗಿಯರು ಹೈಸ್ಕೂಲಿಗೆ ಬರುವುದೂ ದೊಡ್ಡವರಾಗುವುದೂ ಒಂದೇ ವಯಸ್ಸಿನಲ್ಲಿ. ಎಂಥಾ ಲೆಕ್ಕ ನೋಡಿ. ಇಷ್ಟು ಸರಿಯಾಗಿ ಕೂಡಿಬಂದ ಲೆಕ್ಕವನ್ನು ನಾನು ಬೋರ್ಡಿನ ಮೇಲೂ ಬರೆದಿಲ್ಲ.

ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ ನಮ್ಮಣ್ಣನ ಮಗಳು ದೊಡ್ಡವಳಾದಳು. ಆರತಿ ಮಾಡಿ, ಚಿಗಳಿ ಉಂಡೆ ತಿನ್ನಿಸಿ, ನಾನೇ ಸೀರೆ ತಂದು ಉಡಿಸಿದೆ. ರಜೆ ಮುಗಿದು ಹತ್ತನೇ ಕ್ಲಾಸು ಶುರುವಾದ ಮೊದಲ ದಿನ ಅವಳು ಬ್ಯಾಗು ಹಾಕಿಕೊಂಡು ಹೊಸಿಲಿಗೆ ಬಂದಾಗ ಅಮ್ಮ ಅಡ್ಡ ಕೂತಳಂತೆ. "ವದ್ದಮ್ಮಾ, ವದ್ದು. ಮೊನ್ನೆ ತಾನೆ ಒಂದು ಹೆಣ ಹೋಗೈತೆ ಆ ದಾರೀಲಿ" ಅಂದಳಂತೆ. ಅಮ್ಮನಿಗೆ ಭಯವಾದರೆ ತೆಲುಗೇ ಮೊದಲು ಬರುವುದು, ಬೇಡಮ್ಮ ಬೇಡ ಅಂತ. ಒಂದು ವಾರ ಹೋಗಲಿ ಅಂದರು. ಆ ವಾರ ಮುಗಿಯುವುದರೊಳಗೆ ಇನ್ನೊಂದು ಸಾವಾಯಿತು. ಊರೆಂದ ಮೇಲೆ ಸಾಯದೆ ಇರುತ್ತಾರಾ?

ನಾನು ಭಾನುವಾರ ಹೋಗಿ ಅಣ್ಣನ ಎದುರು ಕೂತೆ. ಸೈಕಲ್ಲಿದೆಯಲ್ಲ, ಸುತ್ತಿಕೊಂಡು ಬರಲಿ ಅಂದೆ. ಲಾರಿಗಳ ನಡುವೆ ಅಷ್ಟು ದೂರ ಹೆಣ್ಣುಮಗಳು ಸೈಕಲ್ಲಿನಲ್ಲಿ ಹೋಗುವುದಾ ಅಂದ. ಆಟೊಗೆ ಹಾಕು ಅಂದೆ. ಆಟೊದವನ ಜೊತೆ ಒಬ್ಬಳನ್ನೇ ಕಳಿಸುವುದಾ ಅಂದ. ಅವನ ಮಗನನ್ನು ಮನೆ ಬಾಗಿಲಿಗೇ ಹಳದಿ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು, ಅದೇ ಸುತ್ತು ದಾರಿಯಲ್ಲಿ, ಮಂಚೇನಹಳ್ಳಿಯ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ. ಅವನನ್ನು ಆ ವ್ಯಾನಿಗೆ ಹಾಕಿದವನು ಇವಳನ್ನೂ ಹಾಕಬಹುದಲ್ಲ ಅಂದರೆ, "ಹತ್ತನೇ ಕ್ಲಾಸಲ್ಲಿ ಸ್ಕೂಲು ಬದ್ಲಾಯ್ಸಿದ್ರೆ ಆಗ್ತದೇನಮ್ಮ, ಮೇಡಂ ಆಗಿ ನೀನೇ ಹಿಂಗಂತೀಯಲ್ಲ" ಅಂದ. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಪಾಠವನ್ನು ನನಗೇ ಹೇಳುತ್ತಾನೆ.

"ಹಂಗಾರೆ ನಮ್ಮನೇಗೆ ಕಳ್ಸು. ನನ್ ಜೊತೆ ಬಸ್ಸಲ್ಲಿ ಬರ್ತಾಳೆ, ನನ್ ಜೊತೆ ಹೋಗ್ತಾಳೆ. ಒಂದು ವರ್ಷದ ಮಾತು" ಅಂದೆ.

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನನ್ನ ಮಗ ಆಗ ಪಿಯುಸಿ ಓದುತ್ತಿದ್ದ. ಸೋದರತ್ತೆಯ ಮಗ ಅಂದರೆ ನಮ್ಮಲ್ಲಿ ವರಸೆಯ ಗಂಡು. ಅಂಥ ಹುಡುಗ ಇರುವ ಮನೆಯಲ್ಲಿ ಹುಡುಗಿಯನ್ನು ಇರಿಸಿದರೆ ಕೊಟ್ಟ ಹಾಗೆಯೇ ಲೆಕ್ಕ. "ಕಳಿಸ್ತೀನಿ ಕಣಮ್ಮ. ಹುಡುಗನಿಗೆ ಮಾಡ್ಕೊಳ್ತೀನಿ ಅಂತ ನಾಲ್ಕು ಜನದ ಮುಂದೆ ಒಂದು ಮಾತು ಆಡು, ನಾಳೇನೇ ಕಳಿಸ್ತೀನಿ" ಅಂದ ಅಣ್ಣ.

"ಓದೋಕೆ ಕಳ್ಸು ಅಂದ್ರೆ ಮದುವೆ ಮಾತಾಡ್ತೀಯಲ್ಲೋ ಅಣ್ಣ. ಎರಡೂ ಇನ್ನೂ ಹಾಲು ಹಲ್ಲಿನ ಮಕ್ಕಳು" ಅಂದೆ.

"ನಿನಗೆ ನನ್ ಮಗಳು ಬೇಡ, ನನ್ ಮಗಳ ಲೆಕ್ಕ ಬೇಕು" ಅಂದ. ನಾನು ಕಾಫಿ ಕುಡಿಯದೆ ಎದ್ದು ಬಂದೆ. ಈಗ ಕೇಳಿದರೂ ನನ್ನ ಉತ್ತರ ಅದೇ. ಇಬ್ಬರು ಮಕ್ಕಳ ಕುತ್ತಿಗೆಗೆ ಹಗ್ಗ ಹಾಕಿ ಒಬ್ಬಳನ್ನು ಓದಿಸುವ ಕೆಲಸ ನನ್ನಿಂದ ಆಗುವುದಿಲ್ಲ.

ಕಾಲೋನಿಯ ಹುಡುಗಿ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅವಳ ಅಪ್ಪ ಮೊದಲ ದಿನ ಪೊರಕೆ ತಂದು ಅಂಡರ್‌ಪಾಸಿನ ಒಂದು ಬದಿಯಲ್ಲಿ ಪುರಿಯನ್ನೆಲ್ಲ ಪಕ್ಕಕ್ಕೆ ಗುಡಿಸಿ ಅವಳನ್ನು ದಾಟಿಸಿದನಂತೆ. ಅದಕ್ಕೂ ಊರಿನಲ್ಲಿ ಗೊಣಗಾಟವಾಯಿತು. ಅವರ ಮನೆಯಲ್ಲಿ ಗೋಡೆಗೆ ಬುದ್ಧನ ಪಟ. ನಾನು ಕೇಳಿದ್ದಕ್ಕೆ ಅವನು, "ಸತ್ತೋರು ನಮಗೇನೂ ಮಾಡಿಲ್ಲ ಮೇಡಂ" ಎಂದು ಅಷ್ಟಕ್ಕೇ ನಿಲ್ಲಿಸಿದ. ಕಾಲೋನಿಯ ಬೇರೆ ಹುಡುಗಿಯರೂ ಅವಳ ಹಿಂದೆಯೇ ಬಂದರು. ಮಳೆ ಬಂದಾಗ ಒಳಗೆ ನೀರು ನಿಲ್ಲುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಯ ಪಕ್ಕದ ಅಂಚಿನ ಮೇಲೆ ಸಾಲಾಗಿ ಬರುತ್ತಿದ್ದರು. ನಮ್ಮ ಜನ ಅದನ್ನು ನೋಡಿ, "ಅವರಿಗೇನಪ್ಪ, ನಡೀತದೆ" ಅನ್ನುತ್ತಿದ್ದರು. ತಮ್ಮ ಹೆಣಗಳಿಗೆ ಅಂತ ಕೇಳಿ ಪಡೆದ ದಾರಿಯಲ್ಲಿ ಅವರ ಮಕ್ಕಳು ಓದಿ ಮುಂದೆ ಹೋಗುತ್ತಿದ್ದಾರೆ, ತಮ್ಮವು ಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿವೆ ಎಂದು ಒಬ್ಬರಿಗೂ ತಟ್ಟಲಿಲ್ಲ. ಮೊದಲ ಬೆಂಚಿನಲ್ಲಿ ಆ ಹುಡುಗಿ ಪಕ್ಕದ ಜಾಗ ಖಾಲಿ ಬಿಟ್ಟುಕೊಂಡೇ ಕೂರುತ್ತಿದ್ದಳು. ಸಂಜೆ ನಾನು ಹೇಳಿದ ಲೆಕ್ಕಗಳನ್ನು ಹೋಗಿ ಗೆಳತಿಗೆ ಹೇಳಿಕೊಡುತ್ತಿದ್ದಳು, ನಮ್ಮಣ್ಣನ ಕೊಟ್ಟಿಗೆಯ ಹಿಂದೆ ನಿಂತುಕೊಂಡು. ಸ್ವಲ್ಪ ದಿನ ನಡೆಯಿತು. ಆಮೇಲೆ ಅತ್ತಿಗೆ ಏನೋ ಅಂದಳು, ಅದೂ ನಿಂತಿತು.

ಪರೀಕ್ಷೆಗಾದರೂ ಮಗಳನ್ನು ಕೂರಿಸು ಎಂದು ನಾನು ಅಣ್ಣನನ್ನು ಕೊನೆಯವರೆಗೂ ಅಂಗಲಾಚಿದೆ. ಹಾಜರಿ ಇರಲಿಲ್ಲ. ಮುಂದಿನ ವರ್ಷ ಕಟ್ಟಿಸೋಣ, ಅದರ ಮುಂದಿನ ವರ್ಷ ಕಟ್ಟಿಸೋಣ ಎನ್ನುವಷ್ಟರಲ್ಲಿ ಆ ಹುಡುಗಿಗೇ ಬೇಡವಾಯಿತು. ಅದೇ ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು. ಒಂದು ಸಲ ಪುಸ್ತಕ ತೆಗೆದುಕೊಂಡು ಹೋಗಿ ಮುಂದೆ ಇಟ್ಟರೆ, "ಮರ್ತೋಯ್ತು ಅತ್ತೆ" ಅಂದಳು. ಮರೆತಿರಲಿಲ್ಲ. ನಾನು ಬೇಕೆಂದೇ ಒಂದು ಲೆಕ್ಕವನ್ನು ತಪ್ಪು ಬಿಡಿಸಿದೆ. ಅವಳ ಕಣ್ಣು ಅಲ್ಲೇ ನಿಂತಿತು, ತುಟಿ ಅಲುಗಾಡಿತು, ಆದರೆ ಹೇಳಲಿಲ್ಲ. ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದಳು.

ಊರಿನಿಂದ ಬರುವ ಹುಡುಗಿಯರು ಕಡಿಮೆಯಾದದ್ದಕ್ಕೆ ಕಾರಣ ಕೇಳಲು ಒಬ್ಬ ಅಧಿಕಾರಿ ಸ್ಕೂಲಿಗೆ ಬಂದಿದ್ದರು. ಪುರಿಯಿಂದ ಹಿಡಿದು ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಪೋಷಕರ ನಿರಾಸಕ್ತಿ ಅಂತ ಹಾಕ್ಕೊಳ್ಳಲಾ ಮೇಡಂ?" ಅಂದರು. ಹಾಕಿಕೊಳ್ಳಿ ಸಾರ್, ನಿಮ್ಮಿಷ್ಟ ಅಂದೆ. ಮಕ್ಕಳು ಕಡಿಮೆ ಅಂತ ಮಾರನೇ ವರ್ಷ ಒಬ್ಬಳು ಲೆಕ್ಕದ ಮೇಡಂ ಹೆಚ್ಚುವರಿ ಅಂತಾದಳು. ನನ್ನನ್ನು ಶಿಡ್ಲಘಟ್ಟ ತಾಲ್ಲೂಕಿಗೆ ಹಾಕಿದರು. ನನ್ನ ಕುರ್ಚಿಯನ್ನು ಯಾರಿಗೂ ಕೊಡಬೇಡಿ ಅಂತ ಅಣ್ಣನ ಮಗಳು ಅಂದಿದ್ದಳಲ್ಲ, ಯಾರಿಗೂ ಕೊಡಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಗೌರಿಬಿದನೂರು ಕಡೆಯ ಬಟ್ಟೆ ಕಂಪನಿಯೊಂದರ ಬಸ್ಸು ಊರಿನ ಬದಿಯ ಸರ್ವೀಸ್ ರಸ್ತೆಗೇ ಬಂದು ನಿಲ್ಲತೊಡಗಿತು. ಅದಕ್ಕೆ ಯಾವ ಬೇಲಿಯನ್ನೂ ಹಾರಬೇಕಾಗಿಲ್ಲ, ಯಾವ ಪುರಿಯನ್ನೂ ದಾಟಬೇಕಾಗಿಲ್ಲ. ನಮ್ಮಣ್ಣನ ಮಗಳೂ ಸೇರಿದಳು. ಎಸ್ಸೆಸ್ಸೆಲ್ಸಿ ಆಗಿಲ್ಲವಾದ್ದರಿಂದ ಹೆಲ್ಪರ್. ಹೊಲಿದು ಬಂದ ಅಂಗಿಗಳ ಉಳಿದ ದಾರವನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸುವ ಕೆಲಸ. ಓದಿದ್ದವರು ಚೆಕಿಂಗಿಗೆ ಹೋಗುತ್ತಾರೆ, ಸೂಪರ್‌ವೈಸರ್ ಆಗುತ್ತಾರೆ. ಇವಳು ನಿಂತೇ ಇರಬೇಕು. ಅಣ್ಣ ಬಂದ ನೆಂಟರಿಗೆಲ್ಲ, "ರೋಡು ಬಂದಿದ್ದಕ್ಕೆ ತಾನೆ ಬಾಗ್ಲಿಗೇ ಬಸ್ಸು ಬಂದಿದ್ದು" ಎಂದು ಹೇಳಿಕೊಳ್ಳುತ್ತಿದ್ದ. ಪರದೆಯ ಮೇಲೆ ಚಿತ್ರ ಬಿಟ್ಟವರು ಇದನ್ನು ನೋಡಿದ್ದರೆ ಸಂತೋಷಪಡುತ್ತಿದ್ದರು. ಕಂಪಾಸ್ ಬಾಕ್ಸಿನ ಇನ್ನೊಬ್ಬಳು ಈಗ ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಮೊದಲು ಕೇಳುವುದೇ ಗೆಳತಿಯನ್ನು. ಚೆನ್ನಾಗಿದ್ದಾಳೆ ಅನ್ನುತ್ತೇನೆ. ಇನ್ನೇನು ಹೇಳಲಿ.

ಹೋದ ಮಳೆಗಾಲದಲ್ಲಿ ಅಮ್ಮ ಹೋದಳು. ನಿದ್ದೆಯಲ್ಲೇ ಹೋದಳು, ನೆಮ್ಮದಿಯ ಸಾವು. ಆದರೆ ಹಿಂದಿನ ದಿನವೆಲ್ಲ ಬಿಡದೆ ಮಳೆ ಸುರಿದು, ಅಂಡರ್‌ಪಾಸಿನಲ್ಲಿ ಸೊಂಟದುದ್ದ ನೀರು ನಿಂತಿತ್ತು. ಮೋಟರು ತಂದು ಎತ್ತಿಸೋಣ ಅಂದರು. ಮೇಲಿನ ರಸ್ತೆಯ ನೀರೆಲ್ಲ ಅಲ್ಲಿಗೇ ಇಳಿಯುತ್ತಿತ್ತು, ಎತ್ತಿದಷ್ಟೂ ತುಂಬಿತು. ಚಟ್ಟ ಕಟ್ಟಿ ಅಂಗಳದಲ್ಲಿ ಇಟ್ಟು, ಗಂಡಸರು ಒಬ್ಬೊಬ್ಬರಾಗಿ ಹೋಗಿ ನೀರು ನೋಡಿ ಬಂದರು. ಆ ಹೊತ್ತಿನಲ್ಲೂ, ಹೆತ್ತ ತಾಯಿಯ ಹೆಣ ಎದುರಿಗಿರುವಾಗಲೂ, ನನ್ನ ಮನಸ್ಸು ಒಂದೇ ಮಾತು ಹೇಳುತ್ತಿತ್ತು. ಹಾರಿಸಿಕೊಂಡು ಹೋಗು ಅಣ್ಣ, ನೋಡೋಣ. ಪಾಪದ ಮಾತು ಅಂತ ಗೊತ್ತು. ಬಂದದ್ದು ಅದೇ.

ಯಾರೋ ಚಿಕ್ಕಬಳ್ಳಾಪುರಕ್ಕೆ ಫೋನು ಮಾಡಿ ಹೆಣ ಸಾಗಿಸುವ ಗಾಜಿನ ವ್ಯಾನು ತರಿಸಿದರು. ಅಮ್ಮನನ್ನು ಅದರಲ್ಲಿ ಮಲಗಿಸಿದರು. ಗಂಡಸರು ಬೈಕು, ಟ್ರ್ಯಾಕ್ಟರು ಹತ್ತಿ ಹಿಂದೆ ಹೊರಟರು. ನಾನೂ ಅಣ್ಣನ ಮಗಳೂ ಬೇಲಿಯವರೆಗೆ ಹೋಗಿ ನಿಂತೆವು. ಅವಳು ಕಂಪನಿಗೆ ರಜೆ ಹಾಕಿದ್ದಳು. ವ್ಯಾನು ಮಂಚೇನಹಳ್ಳಿ ಕಡೆ ಹೋಗಿ ಕಣ್ಮರೆಯಾಯಿತು. ಇನ್ನೂ ನಾವು ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ ಬೇಲಿಯ ಆಚೆ, ಎದುರು ಬದಿಯಲ್ಲಿ, ತಿರುಗಿ ಬಂದ ಅದೇ ವ್ಯಾನು ನಮ್ಮ ಮುಂದೆಯೇ ಸುಂಯ್ ಅಂತ ಹಾದು, ಸುಡುಗಾಡಿನ ಕಡೆ ಇಳಿಯಿತು. ನಡುವೆ ಎಲ್ಲೂ ನಿಲ್ಲಲಿಲ್ಲ.

ಮಣ್ಣು ಮಾಡಿ ಗಂಡಸರು ವಾಪಸು ಬಂದು ಮನೆಯ ಮುಂದೆ ನಿಂತರು. ಕಾಲು ತೊಳೆದು, ದೀಪ ನೋಡಿ ಒಳಗೆ ಬರಬೇಕು. ಹುಡುಗಿ ಚೊಂಬಿನಲ್ಲಿ ನೀರು ತಂದು ಅಪ್ಪನ ಕಾಲಿಗೆ ಹುಯ್ಯತೊಡಗಿದಳು. ಅಣ್ಣ ಅತ್ತೂ ಅತ್ತೂ ಬತ್ತಿಹೋಗಿದ್ದ. ದಾರಿಯಲ್ಲಿ ನಿಲ್ಲಿಸಿ ಅಮ್ಮನ ಕಿವಿಯಲ್ಲಿ ಕರೆದೆಯಾ ಎಂದು ಕೇಳಿದೆ.

"ಎಲ್ಲಿ ನಿಲ್ಸಾದು ಕಣಮ್ಮ, ಹಿಂದೆ ಲಾರಿಗಳು" ಅಂದ. ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೋ, ತನಗೆ ತಾನೇ ಹೇಳಿಕೊಳ್ಳಲೆಂದೋ, "ಸುತ್ತು ಸುತ್ತು ಅಂತ ಸುಮ್ನೆ ಎದ್ರಿದ್ವಿ. ರೋಡು ಚೆನ್ನಾಗೈತಲ್ಲ, ಕಾಲು ಗಂಟೇನೂ ಹಿಡೀಲಿಲ್ಲ" ಅಂದ.

ನೀರು ಬೀಳುವುದು ನಿಂತಿತು.

"ಕಾಲು ಗಂಟೇನಾ ಅಪ್ಪಾ?" ಅಂದಳು ಹುಡುಗಿ.

ಅಣ್ಣ ಒಂದು ಕಾಲು ಮುಂದೆ ಚಾಚಿಕೊಂಡೇ ಅವಳ ಮುಖ ನೋಡಿದ. ಅವಳು ಚೊಂಬನ್ನು ಅವನ ಪಕ್ಕದಲ್ಲಿ ನೆಲಕ್ಕೆ ಇಟ್ಟು ಒಳಗೆ ಹೋದಳು. ಇನ್ನೊಂದು ಕಾಲನ್ನು ಅವನೇ ತೊಳೆದುಕೊಂಡ.